ಅಜ್ಜಿಯ ಕಾಡುಗೋಡಿ

ವಿಜಯನಗರದ ನಿಲ್ದಾಣದಲ್ಲಿ ಬೆಳಗಿನ ಜಾವ ಮೆಟ್ರೋ ಗಾಡಿಯನ್ನು ಹತ್ತಿದರೆ, ನಡುವೆ ಎಲ್ಲಿಯೂ ಇಳಿದು ಹತ್ತುವ ಗೋಜಿಲ್ಲದೆ, ಒಂದೂಕಾಲು ಗಂಟೆಯ ಆಸುಪಾಸಿನಲ್ಲಿ ಕಾಡುಗೋಡಿಯನ್ನು ಮುಟ್ಟಬಹುದು. ನೇರಳೆ ಮಾರ್ಗದ ಪೂರ್ವದ ಕೊನೆಯ ನಿಲ್ದಾಣಕ್ಕೆ ವೈಟ್‌ಫೀಲ್ಡ್ ಎಂದು ಹೆಸರಿಟ್ಟು ಕಾಡುಗೋಡಿಯನ್ನು ಕಂಸದೊಳಗೆ ಸೇರಿಸಿದ್ದಾರೆ. ಊರು ಸಾವಿರ ವರ್ಷದ್ದು, ವೈಟ್‌ಫೀಲ್ಡ್ ಎಂಬ ಹೆಸರು ನೂರೈವತ್ತು ವರ್ಷವನ್ನೂ ಕಂಡಿಲ್ಲ. ಆದರೂ ಕಂಸಕ್ಕೆ ಸೇರಿದ್ದು ಊರೇ. ಇರಲಿ. 2023ರ ಮಾರ್ಚ್ 25ರಂದು ಕೃಷ್ಣರಾಜಪುರದಿಂದ ಇಲ್ಲಿಯವರೆಗಿನ ಮಾರ್ಗವೂ, ಅದೇ ವರ್ಷ ಅಕ್ಟೋಬರ್ 9ರಂದು ನಡುವೆ ಉಳಿದಿದ್ದ ತುಂಡೂ ತೆರೆದ ಮೇಲೆ ನಗರದ ಪಡುವಣ ತುದಿಯವರಿಗೆ ಮೂಡಣ ತುದಿ ನೆರೆಮನೆಯಂತಾಗಿದೆ.

ಕಳೆದ ಕಾರ್ತಿಕದ ಮೂರನೆಯ ಸೋಮವಾರ, ಅಂದರೆ 2025ರ ನವೆಂಬರ್ 10ರಂದು, ನಾನು ಹೀಗೆ ಹೊರಟದ್ದು ನಮ್ಮ ಅಜ್ಜಿಯವರ ಮೊದಲ ವರ್ಷದ ಪುಣ್ಯಸ್ಮರಣೆಯ ನಿಮಿತ್ತ. ಪೂಜೆ ಏರ್ಪಾಡಾಗಿದ್ದುದು ಕಾಡುಗೋಡಿಯಲ್ಲಲ್ಲ. ಅದಕ್ಕೆ ತದ್ವಿರುದ್ಧ ದಿಕ್ಕಿನಲ್ಲಿ, ಶಿವಗಂಗೆಯ ಬೆಟ್ಟದ ಬುಡದಲ್ಲಿರುವ ಅವರ ತವರು ಹಳ್ಳಿಯಲ್ಲಿ, ಅದೂ ಸಂಜೆ ದೀಪ ಹಚ್ಚುವ ಹೊತ್ತಿಗೆ. ಹಾಗಿದ್ದರೂ ಮೊದಲು ಮೂಡಣಕ್ಕೆ ಹೋಗಿ ಬಂದಲ್ಲದೆ ಪಡುವಣಕ್ಕೆ ಹೋಗುವ ಮನಸ್ಸಾಗಲಿಲ್ಲ.

ನಮ್ಮ ಅಜ್ಜಿಯವರು 98 ವರ್ಷ ಬಾಳಿದರು. ಹುಟ್ಟಿದ ತಾರೀಖನ್ನು ಯಾರೂ ಬರೆದಿಟ್ಟಿರಲಿಲ್ಲ. ಗಾಂಧೀಜಿಯವರು ದೇಹಾಲಸ್ಯದಿಂದ ನಂದಿಬೆಟ್ಟಕ್ಕೆ ಬಂದು ತಂಗಿದ್ದ ವರ್ಷ ತಾವು ತಾಯಿಯ ಕಂಕುಳಲ್ಲಿದ್ದ ಕೂಸು ಎಂದು ಅವರ ಹಿರಿಯರು ಹೇಳುತ್ತಿದ್ದರಂತೆ. ಅದು 1927. ಆ ಲೆಕ್ಕದ ಮೇಲೆ 1926 ಎಂದು ಇಟ್ಟುಕೊಂಡೆವು. ಎರಡನೆಯ ಮಹಾಯುದ್ಧ ನಡೆಯುತ್ತಿದ್ದ 1943ರಲ್ಲಿ ಅವರು ಕಾಡುಗೋಡಿಗೆ ಸೊಸೆಯಾಗಿ ಬಂದರು. ಆ ಪ್ರಯಾಣವನ್ನು ಅವರು ಹೇಳಿದಷ್ಟು ಸಲ ನನಗೆ ಬೇರಾವ ಕಥೆಯನ್ನೂ ಹೇಳಿಲ್ಲ. ಹಳ್ಳಿಯಿಂದ ನಿಡವಂದ ಸ್ಟೇಷನ್ನಿನವರೆಗೆ ಎತ್ತಿನ ಗಾಡಿ; ಅಲ್ಲಿಂದ ಬೆಂಗಳೂರಿಗೆ ಮೀಟರ್ ಗೇಜಿನ ಸಣ್ಣ ರೈಲು; ಬೆಂಗಳೂರಿನಲ್ಲಿ ಇಳಿದು, ಮದರಾಸಿನ ಕಡೆಗೆ ಹೋಗುವ ದೊಡ್ಡ ಗೇಜಿನ ಗಾಡಿ. ಒಂದರಿಂದ ಇಳಿದು ಇನ್ನೊಂದನ್ನು ಹತ್ತುವಾಗ ಗಂಟು, ಮಂಕರಿ, ಅಕ್ಕಿ ಮೂಟೆ, ಮದುವಣಗಿತ್ತಿ ಎಲ್ಲವನ್ನೂ ಎಣಿಸಿ ಹತ್ತಿಸಿದರಂತೆ. "ಕಂಬಿ ಅಗಲ ಆದಂಗೆ ತವರು ದೂರ ಆಯ್ತು ಕಣಪ್ಪ" ಎಂದು ಅವರು ಹೇಳುತ್ತಿದ್ದುದುಂಟು. 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರಿನ ದಂಡಿನವರೆಗೆ ಹಾಕಿದ ಆ ಹಳಿಯ ಮೇಲೆಯೇ ಮುಂದಿನ 50 ವರ್ಷ ಅವರ ಕಾಯಕ ನಡೆಯಿತು.

ಓದುಗರಲ್ಲಿ ಅನೇಕರಿಗೆ ಕಾಡುಗೋಡಿಯೆಂದರೆ ಗಾಜಿನ ಕಟ್ಟಡಗಳೂ ವಾಹನಗಳ ಸಾಲೂ ನೆನಪಾಗಬಹುದು. ಅಜ್ಜಿಯವರು ಕಂಡ ಊರು ಬೇರೆ. ಹೆಸರಿನ ಅರ್ಥವನ್ನು ಕೇಳಿದರೆ, "ಕಾಡೂ ಇತ್ತು, ಕೆರೆಗೆ ಕೋಡಿಯೂ ಇತ್ತು, ಎರಡೂ ಕೂಡಿ ಊರಾಯ್ತು" ಎನ್ನುತ್ತಿದ್ದರು. ವ್ಯಾಕರಣವನ್ನು ಕಲಿತ ಮೇಲೆ, ಕಾಡು ಎಂಬುದರ ಮುಂದೆ ಕೋಡಿ ಬಂದರೆ ಕಕಾರವು ಗಕಾರವಾಗುವುದು ಸರಿಯಾದ ಸಂಧಿಯೇ ಎಂದು ನನಗೂ ತೋರಿತು. ವಿದ್ವಾಂಸರು ಬೇರೆ ಅರ್ಥ ಹೇಳಿಯಾರು. ನನಗೆ ಅಜ್ಜಿಯ ನಿಘಂಟು ಸಾಕು.

ಕೋಡಿಯ ಮಾತಿಗೆ ಕಲ್ಲಿನ ಆಧಾರವೂ ಉಂಟು. ಊರಿನ ಕಾಶೀವಿಶ್ವೇಶ್ವರ ದೇವಾಲಯದಲ್ಲಿ ಚೋಳರ ಕಾಲದ, 1043ನೆಯ ಇಸವಿಯ ತಮಿಳು ಶಾಸನವೊಂದಿದೆ. ಪಕ್ಕದ ಪಟ್ಟಂದೂರಿನಲ್ಲಿ ಕೆರೆ ಕಟ್ಟಿಸಿ, ತೂಬು ಇಡಿಸಿ, ದೇವಾಲಯಗಳನ್ನು ನಿರ್ಮಿಸಿದ ಸಂಗತಿಯನ್ನು ಅದು ಹೇಳುತ್ತದೆ. ದೇವರಿಗೆ ಗುಡಿ ಕಟ್ಟಿದ ಮಾತನ್ನು ಬಹಳ ಶಾಸನಗಳು ಹೇಳುತ್ತವೆ. ತೂಬಿನ ಮಾತನ್ನೂ ಮರೆಯದೆ ಕೊರೆಸಿದವನು ನಿಜಕ್ಕೂ ಬೇಸಾಯದ ಕಷ್ಟ ಬಲ್ಲವನಿರಬೇಕು. ಚಿಕ್ಕವನಿದ್ದಾಗ ಅಜ್ಜಿಯವರು ಆ ಕಲ್ಲನ್ನು ತೋರಿಸಿ, "ಇದರಲ್ಲಿ ನಮ್ಮ ಕೆರೆ ಬರೆದವರೆ" ಎಂದಷ್ಟೇ ಹೇಳಿದ್ದರು. ಅವರು ಆ ಲಿಪಿಯನ್ನು ಓದಬಲ್ಲವರಲ್ಲ. ಆದರೆ ಬರೆದದ್ದು ಬರೆದದ್ದೇ, ಅದು ಸುಳ್ಳಾಗದು ಎಂಬ ನಂಬಿಕೆ ಅವರಿಗಿತ್ತು. ಈ ನಂಬಿಕೆಯ ಮಾತನ್ನು ಓದುಗರು ದಯವಿಟ್ಟು ನೆನಪಿನಲ್ಲಿಡಬೇಕು.

ವೈಟ್‌ಫೀಲ್ಡ್ ಹುಟ್ಟಿದ್ದು 1882ರಲ್ಲಿ. ಮೈಸೂರಿನ ಹತ್ತನೆಯ ಚಾಮರಾಜೇಂದ್ರ ಒಡೆಯರು ಆಂಗ್ಲೋ ಇಂಡಿಯನ್ನರ ಸಂಘಕ್ಕೆ 3,900 ಎಕರೆ ನೆಲವನ್ನು ಬೇಸಾಯದ ನೆಲೆಗಾಗಿ ಕೊಟ್ಟರು; ಸಂಘದ ಮುಂದಾಳು ವೈಟ್ ಎಂಬವರ ಹೆಸರು ಆ ಬಡಾವಣೆಗೆ ಬಂತು. ರೈಲು ನಿಲ್ದಾಣಕ್ಕೂ ಅದೇ ಹೆಸರಾದರೂ ನಿಲ್ದಾಣವಿರುವುದು ಕಾಡುಗೋಡಿಯಲ್ಲಿ. 1960ರ ಸುಮಾರಿನಲ್ಲಿ ಶ್ರೀ ಸತ್ಯಸಾಯಿಬಾಬಾ ಅವರ ಬೃಂದಾವನ ಆಶ್ರಮವು ನಿಲ್ದಾಣದ ಸಮೀಪದಲ್ಲಿ ನೆಲೆಗೊಂಡ ಮೇಲೆ ದೇಶವಿದೇಶಗಳ ಜನ ಅಲ್ಲಿ ಇಳಿಯತೊಡಗಿದರು. ನಮ್ಮ ಮನೆ ಸ್ಟೇಷನ್ನಿನಿಂದ ಊರೊಳಗೆ ಬರುವ ದಾರಿಯಲ್ಲಿತ್ತು. ಅಜ್ಜಿಯವರು ಇಷ್ಟಲಿಂಗವೊಂದನ್ನು ಬಿಟ್ಟು ಬೇರೆ ಕಡೆ ಕೈ ಮುಗಿದವರಲ್ಲ. ಆದರೆ ಯಾರನ್ನೇ ನೋಡಲು ಬಂದವರಾಗಲಿ, ಬಿಸಿಲಲ್ಲಿ ನಡೆದು ಬಂದವರಿಗೆ ಜಗಲಿಯ ಮೇಲೆ ನೀರಿನ ಗುಡಾಣ, ಒಂದು ತುಣುಕು ಬೆಲ್ಲ ಸದಾ ಸಿದ್ಧವಿರುತ್ತಿತ್ತು. ಬಿಳಿಯ ಹೆಂಗಸೊಬ್ಬಳು ಬೆಲ್ಲವನ್ನು ತಿನ್ನುವುದೋ ಹಚ್ಚಿಕೊಳ್ಳುವುದೋ ತಿಳಿಯದೆ ಹಣೆಗಿಟ್ಟುಕೊಂಡುದನ್ನು ಹೇಳಿ ಹೇಳಿ ನಗುತ್ತಿದ್ದರು.

ನಮ್ಮದು ನಾಲ್ಕೆಕರೆ ಹೊಲ, ಒಂದು ಬಾವಿ. ಕಪಿಲೆ ಹೊಡೆದು ನೀರೆತ್ತುವ ಕಾಲದಲ್ಲಿ ಅಜ್ಜಿಯವರು ಎತ್ತುಗಳ ಹಿಂದೆ ಹಾಡು ಹೇಳುತ್ತಾ ಹಿಂದಕ್ಕೂ ಮುಂದಕ್ಕೂ ನಡೆದವರು. ಮೇಲು ಹೊಲದಲ್ಲಿ ರಾಗಿ, ಅಕ್ಕಡಿಯಲ್ಲಿ ಅವರೆ, ತೊಗರಿ. ಬಾವಿಯ ಬಯಲಿನಲ್ಲಿ ಸೊಪ್ಪು, ಬದನೆ, ಹುರುಳಿಕಾಯಿ. 1971ರಲ್ಲಿ ನಮ್ಮ ಅಜ್ಜನವರು ಲಿಂಗೈಕ್ಯರಾದಾಗ ಅಜ್ಜಿಯವರಿಗೆ 45 ವರ್ಷ, ನನಗೆ ಒಂದು. ಹೊಲದ ಈಶಾನ್ಯದ ಮೂಲೆಯಲ್ಲಿ ಅಜ್ಜನವರ ಸಮಾಧಿಯಾಯಿತು. ತಲೆಯ ಕಡೆ ಅಜ್ಜಿಯವರು ಒಂದು ಬಿಲ್ವಪತ್ರೆಯ ಸಸಿಯನ್ನು ನೆಟ್ಟರು. ಆ ಸಸಿ ಶಿವಗಂಗೆಯಿಂದ ಬಂದುದು. ತವರಿನವರು ದುಃಖಕ್ಕೆ ಬಂದಾಗ ಒದ್ದೆ ಗೋಣಿಯಲ್ಲಿ ಸುತ್ತಿ ತಂದದ್ದು.

ಅಲ್ಲಿಂದ ಮುಂದಿನ ಅವರ ಬದುಕನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಾಲ್ಕು ಗಂಟೆಗೆ ಏಳುವುದು, ಮಡಿಯಾಗಿ ವಿಭೂತಿ ಧರಿಸಿ ಅಂಗೈಯ ಲಿಂಗಕ್ಕೆ ಪೂಜೆ, ಪೂಜೆ ಮುಗಿದೊಡನೆ ತಲೆಯ ಮೇಲೆ ಮಂಕರಿ. ಮುಂಜಾನೆಯ ಪ್ಯಾಸೆಂಜರಿಗೆ ಸೊಪ್ಪು, ಅವರೆಕಾಯಿ ಹೊತ್ತು ದಂಡಿನ ಸ್ಟೇಷನ್ನಿನಲ್ಲಿ ಇಳಿದು, ನಡೆದೇ ಶಿವಾಜಿನಗರದ ರಸೆಲ್ ಮಾರುಕಟ್ಟೆಗೆ. ಹನ್ನೊಂದು ಗಂಟೆಗೆ ಮನೆ. ಮಧ್ಯಾಹ್ನ ಕಳೆ ಕೀಳುವುದು. ತೂಕದಲ್ಲಿ ಅವರು ಎಂದೂ ಮೋಸ ಮಾಡಲಿಲ್ಲ ಎಂದು ಹೇಳಿದರೆ ಮೊಮ್ಮಗನ ಹೊಗಳಿಕೆಯಾದೀತು. ಅವರು ತಕ್ಕಡಿಯನ್ನೇ ಒಯ್ಯುತ್ತಿರಲಿಲ್ಲ, ಬೊಗಸೆಯಲ್ಲಿ ಅಳೆಯುತ್ತಿದ್ದರು, ಅವರ ಬೊಗಸೆ ದೊಡ್ಡದಿತ್ತು ಎಂದಷ್ಟು ಹೇಳುತ್ತೇನೆ. ಮಾರ್ಗಶಿರದಲ್ಲಿ ಸೊನೆ ಅವರೆ ಬಂದಾಗ ರಾತ್ರಿಯೆಲ್ಲ ಮನೆಮಂದಿ ಕೂತು ಹಿತಕಿದ ಬೇಳೆ ಮಾಡುತ್ತಿದ್ದೆವು. ಬೆರಳಿನ ತುದಿ ಕಪ್ಪಾಗಿ ಮೂರು ದಿನ ಹೋಗುತ್ತಿರಲಿಲ್ಲ. ಆ ಸಾರಿನ ಜೊತೆಗೆ ರಾಗಿ ಮುದ್ದೆ, ಮೇಲೆ ಒಂದು ಮಿಳ್ಳೆ ತುಪ್ಪ; ಮನೆಗೆ ಜಂಗಮರು ಬಂದಿದ್ದರೆ ಮೊದಲ ಎಡೆ ಅವರಿಗೆ, ಎರಡನೆಯದು ಜಗಲಿಯ ಮೇಲೆ ಯಾರಿದ್ದರೆ ಅವರಿಗೆ, ಆಮೇಲೆ ನಾವು. ಕೊನೆಯ ಗಾಡಿ ತಪ್ಪಿದವರು ನಮ್ಮ ಜಗಲಿಯ ಮೇಲೆ ಮಲಗಿ ಹೋದುದು ಎಷ್ಟು ಸಲವೋ.

ಅಕ್ಷರವನ್ನು ಅವರು ಎಳೆವೆಯಲ್ಲಿ ತವರೂರಿನ ಅಯ್ಯನವರಿಂದ ಅಷ್ಟಿಷ್ಟು ಕಲಿತಿದ್ದರು. ದಪ್ಪಕ್ಷರದ ವಚನದ ಪುಸ್ತಕವನ್ನು ಬೆರಳಿಟ್ಟು ಓದುತ್ತಿದ್ದರು. ಕೈಬರಹವಾಗಲಿ, ಕಚೇರಿಯ ಕಾಗದವಾಗಲಿ ಅವರಿಗೆ ತಿಳಿಯುತ್ತಿರಲಿಲ್ಲ. ಮನೆಯಲ್ಲಿ ಪದವಿ ಪಡೆದ ಮೊದಲಿಗ ನಾನು. ಬಂದ ಕಾಗದವನ್ನೆಲ್ಲ ಓದಿ ಹೇಳುವ ಕೆಲಸ ನನ್ನದಾಯಿತು.

1992ರಲ್ಲಿ ಸಿಂಗಪುರದ ಸಹಯೋಗದಿಂದ ನಮ್ಮ ಸುತ್ತಲಲ್ಲಿ ತಂತ್ರಜ್ಞಾನದ ಪಾರ್ಕು ಆಗುವುದೆಂಬ ಸುದ್ದಿ ಹುಟ್ಟಿ, 1994ರಲ್ಲಿ ಕೆಲಸ ಆರಂಭವಾದಾಗ ಊರಿನ ಮಾತೇ ಬದಲಾಯಿತು. ಅದುವರೆಗೆ ಮಳೆಯ ಮಾತು, ಆಮೇಲೆ ಗುಂಟೆಯ ಮಾತು. ಬಿಳಿಯ ಕಾರುಗಳಲ್ಲಿ ಜನ ಬಂದು ಹೊಲದ ಬದುವಿನ ಮೇಲೆ ನಿಂತು ಆಕಾಶವನ್ನು ನೋಡುತ್ತಿದ್ದರು. ಬೆಳೆಯನ್ನು ನೋಡಿದವರನ್ನು ನಾನು ಕಾಣೆ. ನಮ್ಮ ಬಾವಿಯೂ ಆ ಹೊತ್ತಿಗೆ ಬತ್ತಿತ್ತು. ಕೊರೆಸಿದ ಎರಡು ಕೊಳವೆಬಾವಿಗಳಲ್ಲಿ ಒಂದು ದೂಳು ಕಾರಿತು. ಚಿಕ್ಕಪ್ಪನವರಿಗೆ ಸಾಲವಿತ್ತು. ನನಗೆ ನಗರದಲ್ಲಿ ಒಂದು ಮನೆ ಬೇಕೆನಿಸಿತ್ತು. ಇದನ್ನು ನಾನು ಮುಚ್ಚಿಡುವುದಿಲ್ಲ. ನಾನು ಇಂದು ವಾಸವಾಗಿರುವ ವಿಜಯನಗರದ ಮನೆಯ ಇಟ್ಟಿಗೆ ಆ ಹೊಲದ್ದೇ.

ಮಾರುವ ಮಾತು ಬಂದ ರಾತ್ರಿ ಅಜ್ಜಿಯವರು ಜಗಳವಾಡಲಿಲ್ಲ. ಆಯ್ದಕ್ಕಿ ಲಕ್ಕಮ್ಮನವರ ಕಥೆಯನ್ನು ಹೇಳಿದರು. ಗಂಡ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ನಮಗೇಕೆ ಇಷ್ಟು, ತಂದಲ್ಲಿಯೇ ಸುರಿದು ಬನ್ನಿ ಎಂದು ಹಿಂದಿರುಗಿಸಿದ ಆ ತಾಯಿಯ ಕಥೆ ನಮ್ಮ ಮನೆಗಳಲ್ಲಿ ಯಾರಿಗೆ ತಿಳಿಯದು? ಎಲ್ಲರೂ ಕೇಳಿದೆವು. ಯಾರೂ ಮಾತನಾಡಲಿಲ್ಲ. ಕೊನೆಗೆ ಅವರೇ, "ಮಾರ್ಕಳಿ. ಮಕ್ಕಳ ಸಾಲ ನೋಡ್ಕಂಡು ನಾನು ಹೆಂಗೆ ಉಣ್ಣಲಿ? ಆದರೆ ನಿಮ್ಮಪ್ಪ ಇರೋ ಮೂಲೆ ಐದು ಗುಂಟೆ ಬಿಟ್ಟು ಬರೆಸಿ. ನನ್ನನ್ನೂ ಅಲ್ಲೇ ಮಡಗಿ" ಎಂದರು.

ದಹನ ಮಾಡುವ ಸಮಾಜದವರಿಗೆ ಈ ಐದು ಗುಂಟೆಯ ತೂಕ ಪೂರ್ತಿ ಅರ್ಥವಾಗದಿರಬಹುದು. ನಮ್ಮವರು ಲಿಂಗವನ್ನು ಅಂಗೈಯಲ್ಲಿ ಹಿಡಿದು ಕುಳಿತಂತೆಯೇ ಮಣ್ಣಿಗೆ ಸೇರುವವರು. ವಿಭೂತಿಗಟ್ಟಿ, ಪತ್ರೆಗಳ ನಡುವೆ ಪದ್ಮಾಸನದಲ್ಲಿ ಕೂಡಿಸಿದ ಹಿರಿಯರು ಹೊಲದ ಮೂಲೆಯಲ್ಲಿದ್ದಾರೆಂದರೆ, ಅವರು ಹೊಲವನ್ನು ಬಿಟ್ಟು ಹೋಗಿಲ್ಲವೆಂದೇ ಭಾವನೆ. ಹಳ್ಳಿಗಳಲ್ಲಿ ಇದು ಸಮಸ್ಯೆಯಲ್ಲ. ಹಳ್ಳಿಯೇ ನಗರವಾದಾಗ, ಆರಡಿ ನೆಲಕ್ಕೂ ಚದರಡಿಯ ಬೆಲೆ ಬಂದಾಗ, ನಗರದ ಅಂಚಿನ ನಮ್ಮ ಎಷ್ಟೋ ಮನೆತನಗಳು ಈ ಸಂಕಟವನ್ನು ಕಂಡಿವೆ. ಬಾಯಿಬಿಟ್ಟು ಹೇಳಿದವರು ಕಡಮೆ.

ಕೊಳ್ಳುವವರ ಕಡೆಯವರು ಒಪ್ಪಿದಂತೆ ಮಾಡಿದರು. ಆದರೆ ಐದು ಗುಂಟೆಯನ್ನು ಬೇರೆಯಾಗಿ ಅಳತೆ ಮಾಡಿಸಿ, ನಕ್ಷೆ ಮಾಡಿಸಿ, ಪೋಡಿಯಾಗಿ ಬರಬೇಕಾದರೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಅಷ್ಟರಲ್ಲಿ ಬೆಲೆ ಇಳಿಯಬಹುದು, ಪತ್ರದಲ್ಲಿ ಪೂರ್ತಿ ನಾಲ್ಕೆಕರೆಯೂ ಬರಲಿ, ಸಮಾಧಿಯ ಜಾಗವನ್ನು ನಾವು ಮುಟ್ಟುವುದಿಲ್ಲ ಎಂದರು. ಬಾಯಿಮಾತು. ಅಪ್ಪ ಒಪ್ಪಿದರು, ಚಿಕ್ಕಪ್ಪ ಒಪ್ಪಿದರು, ನಾನೂ ಒಪ್ಪಿದೆ. ಅಜ್ಜಿಯವರಿಗೆ ಹೇಳಿದರೆ ರುಜು ಹಾಕುವುದಿಲ್ಲವೆಂಬುದು ಎಲ್ಲರಿಗೂ ಗೊತ್ತಿತ್ತು.

1997ರ ಆ ದಿನ ಉಪನೋಂದಣಾಧಿಕಾರಿಗಳ ಕಚೇರಿಯ ಹೊರಗೆ ಹುಣಿಸೆ ಮರದ ಕೆಳಗೆ ಅವರು ನನ್ನನ್ನು ಕೂರಿಸಿಕೊಂಡು, "ಓದಪ್ಪ, ಪೂರ್ತಿ ಓದು" ಎಂದರು. ಓದಿದೆ. ಸರ್ವೆ ನಂಬರು, ವಿಸ್ತೀರ್ಣ, ಹಣದ ಮೊತ್ತ. ಚೆಕ್ಕುಬಂದಿಗೆ ಬಂದಾಗ ಅವರು ಕಿವಿಯನ್ನು ಹತ್ತಿರ ತಂದರು. ಪೂರ್ವಕ್ಕೆ ಇಂಥದು, ಪಶ್ಚಿಮಕ್ಕೆ ಇಂಥದು, ಉತ್ತರಕ್ಕೆ ದಾರಿ, ದಕ್ಷಿಣಕ್ಕೆ ಹಳ್ಳ ಎಂದು ಓದಿ, ಉಸಿರೆಳೆದುಕೊಂಡು, "ಈ ಪೈಕಿ ಈಶಾನ್ಯ ಮೂಲೆಯ ಐದು ಗುಂಟೆ ಹೊರತುಪಡಿಸಿ" ಎಂದು ಓದಿದೆ. ಆ ಸಾಲು ಕಾಗದದಲ್ಲಿರಲಿಲ್ಲ. "ಸರಿ" ಎಂದರು. ಹೆಬ್ಬೆಟ್ಟು ಬೇಡವೆಂದು, ಎಂಟು ದಿನದಿಂದ ಸ್ಲೇಟಿನ ಮೇಲೆ ತಿದ್ದಿ ಅಭ್ಯಾಸ ಮಾಡಿದ್ದ ತಮ್ಮ ಹೆಸರನ್ನು ನಿಧಾನವಾಗಿ ಬರೆದರು. ಅವರ ಕೆಳಗೆ ಸಾಕ್ಷಿಯೆಂದು ನಾನು ರುಜು ಹಾಕಿದೆ.

ಎರಡು ವರ್ಷ ಎಲ್ಲವೂ ಸರಿಯಿತ್ತು. ಆಮೇಲೆ ಕೊಂಡವರು ಇನ್ನೊಬ್ಬರಿಗೆ ಮಾರಿದರು, ಅವರು ಮತ್ತೊಬ್ಬರಿಗೆ. ಕಾಂಪೌಂಡು ಎದ್ದಿತು. ಬಾಯಿಮಾತು ಕೊಟ್ಟವರು ಆ ಹೊತ್ತಿಗೆ ಎಲ್ಲಿಯೂ ಇರಲಿಲ್ಲ. ಕಾವಲುಗಾರನಿಗೆ ಹೇಳಿಕೇಳಿ ಸೋಮವಾರಗಳಲ್ಲಿ ಅಜ್ಜಿಯವರನ್ನು ಒಳಗೆ ಕರೆದೊಯ್ಯುತ್ತಿದ್ದೆವು. "ಐದು ಗುಂಟೆ ನಮ್ಮದಿದ್ದ ಮೇಲೆ ಇವನನ್ನು ಯಾಕೆ ಕೇಳಬೇಕು?" ಎಂದು ಅವರು ಕೇಳುವರು. ಕೆಲಸ ನಡೆಯುತ್ತಿದೆಯಲ್ಲ ಅಜ್ಜಿ, ಕಬ್ಬಿಣ ಬಿದ್ದಿದೆ, ಎಂದು ನಾನು ಹೇಳುವೆ. ಹೀಗೆ ಹೇಳಿದ ಸುಳ್ಳುಗಳ ಲೆಕ್ಕವಿಟ್ಟಿಲ್ಲ.

2003ರಲ್ಲಿ ಅವರ ಎರಡೂ ಕಣ್ಣುಗಳ ಪೊರೆ ತೆಗೆಸಿದೆವು. ಹೊಸ ಕನ್ನಡಕ ಬಂತು. 77ರ ಪ್ರಾಯದಲ್ಲಿ ಮತ್ತೆ ಓದುವ ಹುರುಪು ಹುಟ್ಟಿ, ಮೊಮ್ಮಕ್ಕಳ ಶಾಲೆಯ ಪುಸ್ತಕ, ದಿನಪತ್ರಿಕೆ, ಪಂಚಾಂಗ, ಮದುವೆಯ ಕರೆಯೋಲೆ, ಕೈಗೆ ಸಿಕ್ಕಿದ್ದನ್ನೆಲ್ಲ ಓದಿದರು. ಅದೇ ವರ್ಷದ ಶ್ರಾವಣದಲ್ಲಿಯೋ ಕಾರ್ತಿಕದಲ್ಲಿಯೋ ಅವರು ಹೊಲದ ಮೂಲೆಗೆ ಹೋಗೋಣವೆಂದು ಹೇಳುವುದನ್ನು ನಿಲ್ಲಿಸಿದರು. ಮಂಡಿ ನೋವೆಂದು ನಾವು ತಿಳಿದೆವು. ಮರುವರ್ಷ ಸಂಕ್ರಾಂತಿಗೆ ಶಿವಗಂಗೆಯ ಗಿರಿಜಾಕಲ್ಯಾಣಕ್ಕೆ ಹೋಗಿದ್ದಾಗ, ಬೆಟ್ಟದ ಕೆಳಗೆ ತಮ್ಮನ ಮಗನ ಹೊಲದ ಬದುವಿನ ಮೇಲೆ ಕುಳಿತು, ಎಲ್ಲರ ಮುಂದೆ ನಗುತ್ತಾ ಹೇಳಿದರು: "ಅರವತ್ತು ವರ್ಷ ಗಂಡನ ಮನೆ ಆಯ್ತು. ಸತ್ತಮೇಲಾದರೂ ತವರಲ್ಲಿ ಇರ್ತೀನಿ. ಇಲ್ಲೇ ಒಂದು ಮೂಲೆ ಕೊಡ್ರಪ್ಪ." ಹೆಣ್ಣುಮಕ್ಕಳ ತವರಿನ ಆಸೆ ಮುಪ್ಪಾಗುವುದಿಲ್ಲವೆಂದು ಎಲ್ಲರೂ ನಕ್ಕರು. ತಮ್ಮನ ಮಗ ಅಲ್ಲಿಯೇ ಮಾತು ಕೊಟ್ಟನು. ನನಗೆ ದೊಡ್ಡ ಹೊರೆ ಇಳಿದಂತಾಯಿತು. ಹೌದು, ಅಂದು ನನಗಾದದ್ದು ಸಂತೋಷ.

ಮುಂದಿನ 20 ವರ್ಷ ಅವರು ಚೆನ್ನಾಗಿಯೇ ಬಾಳಿದರು. ಕಾಡುಗೋಡಿಯ ಹಳೆಯ ಮನೆಯ ಜಗಲಿ ರಸ್ತೆಯ ಅಗಲೀಕರಣಕ್ಕೆ ಹೋಯಿತು. ಅವರು ನೀರಿನ ಗುಡಾಣವನ್ನು ಕಿಟಕಿಯ ಹಲಗೆಯ ಮೇಲಿಟ್ಟರು. 2019ರ ಜನವರಿ 21ರಂದು ಸಿದ್ಧಗಂಗೆಯ ಪೂಜ್ಯ ಶಿವಕುಮಾರ ಮಹಾಸ್ವಾಮಿಗಳು 111ರ ವಯಸ್ಸಿನಲ್ಲಿ ಲಿಂಗೈಕ್ಯರಾದಾಗ, ಮರುದಿನ ಸಂಜೆ ಕ್ರಿಯಾಸಮಾಧಿಯಾಗುವವರೆಗೂ ದೂರದರ್ಶನದ ಮುಂದೆ ನೀರೂ ಮುಟ್ಟದೆ ಕುಳಿತಿದ್ದರು. ಮಠದ ಮಕ್ಕಳ ಮಧ್ಯಾಹ್ನದ ಪ್ರಸಾದ ಮುಗಿದ ಮೇಲೆಯೇ ಸುದ್ದಿಯನ್ನು ಹೊರಗೆ ಹೇಳಿದರೆಂಬ ಮಾತನ್ನು ಕೇಳಿ, "ನನ್ನ ಸುದ್ದಿಯನ್ನೂ ಹಂಗೇ ಹೇಳಿ. ಹಸಿದವರಿಗೆ ಸಾವಿನ ಸುದ್ದಿ ಹೇಳಬಾರದು" ಎಂದರು. 2024ರ ಕಾರ್ತಿಕದಲ್ಲಿ ಒಂದು ಬೆಳಿಗ್ಗೆ ಪೂಜೆ ಮುಗಿಸಿ, ಅಂಗೈಯ ಲಿಂಗವನ್ನು ಕರಡಿಗೆಗೆ ಇಳಿಸುವ ಮುನ್ನವೇ ಅವರ ಉಸಿರು ನಿಂತಿತು. ಮರಿಮಕ್ಕಳಿಗೆ ಊಟ ಬಡಿಸಿದ ಮೇಲೆಯೇ ನಾವು ದೂರವಾಣಿ ಮಾಡಿದೆವು. ಆ ರಾತ್ರಿಯೇ ಶಿವಗಂಗೆಯ ಕಡೆಗೆ ಹೊರಟೆವು. 81 ವರ್ಷಗಳ ಹಿಂದೆ ಎರಡು ರೈಲುಗಳಲ್ಲಿ ಬಂದ ದಾರಿಯನ್ನು ಒಂದೇ ಗಾಡಿಯಲ್ಲಿ ಮೂರು ಗಂಟೆಯೊಳಗೆ ಹಿಂದಕ್ಕೆ ಹೋದರು.

ಶಿವಗಣಾರಾಧನೆ ಮುಗಿದ ಮೇಲೆ ಅವರ ಟ್ರಂಕನ್ನು ತೆಗೆದವನು ನಾನೇ. ನಾಲ್ಕು ಸೀರೆ, ವಿಭೂತಿಯ ಉಂಡೆಗಳು, ಮದುವೆಯ ಕಾಲದ ಒಂದು ಬೆಳ್ಳಿಯ ಕರಡಿಗೆ, ವಚನದ ಪುಸ್ತಕ. ಪುಸ್ತಕದ ನಡುವೆ ನಾಲ್ಕು ಮಡಿಕೆಯಾದ ಕ್ರಯಪತ್ರದ ನಕಲು. ಚೆಕ್ಕುಬಂದಿಯ ಸಾಲುಗಳ ಅಡಿಯಲ್ಲಿ, ಕಲಿಯುವ ಮಕ್ಕಳು ಎಳೆಯುವಂತೆ, ಸೀಸದ ಕಡ್ಡಿಯ ಗೆರೆ. ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ. ದಕ್ಷಿಣದ ಹಳ್ಳದ ಬಳಿ ಗೆರೆ ನಿಂತಿತ್ತು. ಮುಂದೆ ಎಳೆಯಲು ಸಾಲಿರಲಿಲ್ಲ. ಮಡಿಕೆಯೊಳಗೆ ಒಣಗಿದ ಮೂರೆಲೆಯ ಒಂದು ಪತ್ರೆ.

21 ವರ್ಷ ಅವರು ನನ್ನನ್ನು ಏನೂ ಕೇಳಲಿಲ್ಲ. ಕಾಗದ ಬಂದಾಗಲೆಲ್ಲ ಮೊದಲಿನಂತೆಯೇ, "ಓದಪ್ಪ" ಎಂದು ನನ್ನ ಕೈಗೇ ಕೊಡುತ್ತಿದ್ದರು; ಕನ್ನಡಕ ಅವರ ಮೂಗಿನ ಮೇಲೆಯೇ ಇರುತ್ತಿತ್ತು.

ಈ ಕಾರಣದಿಂದ ಆ ಸೋಮವಾರ ನಾನು ಮೊದಲು ಮೂಡಣಕ್ಕೆ ಹೋದದ್ದು. ಪಟ್ಟಂದೂರು ಅಗ್ರಹಾರ, ಕಾಡುಗೋಡಿ ಟ್ರೀ ಪಾರ್ಕ್, ಹೋಪ್‌ಫಾರಂ ಚನ್ನಸಂದ್ರ ಎಂದು ಗಾಡಿಯಲ್ಲಿ ಒಂದೊಂದಾಗಿ ಕೂಗುವಾಗ, ಕೆರೆ ಕಟ್ಟಿದ ಊರಿನ ಹೆಸರನ್ನು ಯಂತ್ರವಾದರೂ ಹೇಳುತ್ತಿದೆಯಲ್ಲ ಎಂದು ಸಮಾಧಾನವಾಯಿತು. ಕಾಡುಗೋಡಿಯ ಕಾಡೂ ಪೂರ್ತಿ ಹೋಗಿಲ್ಲ. 1896ರಲ್ಲಿಯೇ ಅರಣ್ಯವೆಂದು ಘೋಷಿತವಾಗಿದ್ದ 711 ಎಕರೆಯ ಪೈಕಿ 120 ಎಕರೆಯನ್ನು ಅರಣ್ಯ ಇಲಾಖೆಯವರು 2025ರ ಜೂನ್‌ನಲ್ಲಿ ಮತ್ತೆ ವಶಕ್ಕೆ ಪಡೆದರು. ಅಲ್ಲಿ ತಲೆಮಾರುಗಳಿಂದ ಉಳುತ್ತಿದ್ದೆವೆನ್ನುವ ಬಡವರ ಅಳಲೂ ಇದೆ. ಯಾವ ಕಾಗದ ಹಳೆಯದು, ಯಾರ ನೆನಪು ಹಳೆಯದು ಎಂಬ ವ್ಯಾಜ್ಯವನ್ನು ತೀರ್ಮಾನಿಸಲು ನಾನು ಯೋಗ್ಯನಲ್ಲ.

ನಮ್ಮ ಹೊಲವಿದ್ದಲ್ಲಿ ಈಗ ಹದಿನಾಲ್ಕು ಅಂತಸ್ತಿನ ಮೂರು ಕಟ್ಟಡಗಳಿವೆ. ಬಾಗಿಲಿನ ಕಾವಲುಗಾರ ಒಡಿಶಾದ ಹುಡುಗ. ಯಾವ ಮನೆ, ಯಾರನ್ನು ನೋಡಬೇಕು ಎಂದು ಪುಸ್ತಕ ಮುಂದಿಟ್ಟನು. ಯಾರನ್ನು ಎಂದು ಬರೆಯಲಿ? ಒಂದು ಮರವನ್ನು ನೋಡಬೇಕು ಎಂದೆ. ಅವನು ನನ್ನ ಹಣೆಯ ವಿಭೂತಿಯನ್ನು ನೋಡಿ, "ಪೂಜೆ ಮರ?" ಎಂದು ತನ್ನ ಹರುಕು ಕನ್ನಡದಲ್ಲಿ ಕೇಳಿ, ಒಳಗೆ ಬಿಟ್ಟನು.

ಮರ ಇತ್ತು. ಎರಡು ಕಾರುಗಳ ನಿಲುಗಡೆಯ ಜಾಗವನ್ನು ಅದಕ್ಕಾಗಿ ಬಿಟ್ಟಿದ್ದಾರೆ. ಬುಡಕ್ಕೆ ಕರಿಯ ಕಲ್ಲಿನ ಕಟ್ಟೆ ಕಟ್ಟಿ, ಮೇಲೊಂದು ಸಣ್ಣ ಲಿಂಗವನ್ನು ಇರಿಸಿದ್ದಾರೆ. ಕಾರ್ತಿಕವೆಂದು ಹಿಂದಿನ ಸಂಜೆ ಹಚ್ಚಿದ್ದ ಹಣತೆಗಳು ಸಾಲಾಗಿ ಆರಿ ನಿಂತಿದ್ದವು. ಸಮಾಧಿಯ ಚಪ್ಪಡಿ ಎಲ್ಲಿಯೂ ಕಾಣಲಿಲ್ಲ. ಕಟ್ಟೆಯ ಕೆಳಗಿದೆಯೋ, ತೆಗೆದು ಎಸೆದರೋ. ತೆಲುಗೋ ಹಿಂದಿಯೋ ಮಾತನಾಡುವ ಒಬ್ಬ ವೃದ್ಧೆ ತಂಬಿಗೆಯಿಂದ ನೀರೆರೆಯುತ್ತಿದ್ದರು. ಇಲ್ಲಿ ಯಾರಿದ್ದಾರೆಂದು ಅವರಿಗೆ ಹೇಳಬೇಕೆನಿಸಿತು. ಹೇಳಿದರೆ ನಾಳೆ ಹೆದರಿ ನೀರೆರೆಯುವುದನ್ನು ಬಿಟ್ಟಾರೆಂದು ಸುಮ್ಮನಾದೆ. ಅದು ಕಾರಣವೋ ನೆಪವೋ ನನಗೆ ಈಗಲೂ ತಿಳಿಯದು. ಆ ತಾಯಿ ಏನೂ ಕೇಳದೆ, ಬಾಗಿದ್ದ ಕೊಂಬೆಯಿಂದ ಒಂದು ಹಿಡಿ ಪತ್ರೆಯನ್ನು ಬಿಡಿಸಿ ನನ್ನ ಕೈಗೆ ಹಾಕಿದರು.

ಕ್ರಯಪತ್ರದ ನಕಲು ಜೇಬಿನಲ್ಲಿತ್ತು. ಅಜ್ಜನವರ ಬುಡದಲ್ಲಿ ನಿಂತು, ಅಂದು ಹುಣಿಸೆ ಮರದ ಕೆಳಗೆ ಓದಿದಂತೆಯೇ, ಸರ್ವೆ ನಂಬರಿನಿಂದ ಹಳ್ಳದವರೆಗೆ, ಮೆಲುದನಿಯಲ್ಲಿ ಪೂರ್ತಿ ಓದಿದೆ. ಹಳ್ಳದ ಬಳಿ ನಿಲ್ಲಿಸಿದೆ.

ಹಿಂದಿರುಗುವಾಗ ಮೆಜೆಸ್ಟಿಕ್ಕಿನಲ್ಲಿ ಇಳಿದು ಹಸಿರು ಮಾರ್ಗದ ಗಾಡಿಯನ್ನು ಹಿಡಿದು ಮಾದಾವರಕ್ಕೆ ಹೋದೆ. ಅಜ್ಜಿಯವರು ಗೇಜು ಬದಲಾಯಿಸಿದ್ದೂ ಅಲ್ಲಿಯೇ ಆಸುಪಾಸು. ಮಾದಾವರದಿಂದ ತುಮಕೂರು ರಸ್ತೆಯ ಬಸ್ಸು, ದಾಬಸ್‌ಪೇಟೆಯಿಂದ ಆಟೋ. ನಂದಿಯಾಕಾರದ ಶಿವಗಂಗೆಯ ಬೆಟ್ಟ ಕಾಣತೊಡಗಿದಾಗ ಹೊತ್ತು ಇಳಿದಿತ್ತು. ತಮ್ಮನ ಮಗ ಹೊಲದ ಮೂಲೆಯನ್ನು ಸಾರಿಸಿ ರಂಗವಲ್ಲಿ ಹಾಕಿಸಿದ್ದನು. ಅಯ್ಯನವರು ಬಂದು ಕುಳಿತಿದ್ದರು. ನಾನು ಕೈಚೀಲದಿಂದ ಒದ್ದೆ ಬಟ್ಟೆಯ ಗಂಟನ್ನು ಬಿಚ್ಚಿದಾಗ ಮನೆಯ ಸೊಸೆ ಆಶ್ಚರ್ಯದಿಂದ, "ಇದೇನು ಭಾವಾ, ಪತ್ರೆ ಬೆಂಗಳೂರಿಂದ ತಂದ್ರಾ? ನಮ್ಮ ಬೆಟ್ಟದ ತುಂಬ ಅದೇ ಇಲ್ವಾ?" ಎಂದಳು.

"ಇದು ಕಾಡುಗೋಡಿದು ಕಣಮ್ಮ" ಎಂದೆ.